ರ್ಯಾನ್ಸಮ್‌ವೇರ್ ದಾಳಿಯಿಂದ ಕಡತಗಳನ್ನು ಉಳಿಸಿಕೊಳ್ಳುವುದು ಹೇಗೆ: ಡಿಟಿಪಿ ಕೇಂದ್ರ, ಸಣ್ಣ ಕಚೇರಿ ಮತ್ತು ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

"ಕಡತಗಳ ಹೆಸರಿನ ಕೊನೆಗೆ ಏನೇನೋ ಅಕ್ಷರಗಳು ಸೇರಿಕೊಂಡಿವೆ, ಒಂದೂ ತೆರೆಯುತ್ತಿಲ್ಲ, ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಚೀಟಿ ಬಂದಿದೆ, ಈಗ ಏನು ಮಾಡಬೇಕು?" ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳದ ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಡಿಟಿಪಿ ಕೇಂದ್ರದವರಿದ್ದಾರೆ, ಫೋಟೋ ಸ್ಟುಡಿಯೋದವರಿದ್ದಾರೆ, ಅಂಗಡಿಗಳ ಲೆಕ್ಕ ಬರೆಯುವವರಿದ್ದಾರೆ, ಶಾಲಾ ಶಿಕ್ಷಕರಿದ್ದಾರೆ. ಪ್ರಶ್ನೆ ಏಳುವ ಹೊತ್ತಿಗೆ ಮಾಡಬಹುದಾದ ಕೆಲಸದ ಹೆಚ್ಚಿನ ಪಾಲು ಕೈಮೀರಿ ಹೋಗಿರುತ್ತದೆ. ಆದ್ದರಿಂದ ಈ ಲೇಖನವನ್ನು ಇನ್ನೂ ಏನೂ ಆಗದಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಈಗಾಗಲೇ ದಾಳಿಗೆ ಸಿಕ್ಕಿರುವವರು ನೇರವಾಗಿ ಏಳನೆಯ ಹಂತಕ್ಕೆ ಹೋಗಬಹುದು.

ನಮ್ಮ ಊರುಗಳಲ್ಲಿ ಈ ವಿಷಯಕ್ಕೆ ಇನ್ನೊಂದು ತೂಕವೂ ಇದೆ. ಕಾಸರಗೋಡಿನ ಕನ್ನಡದ ಬರಹದ ದೊಡ್ಡ ಪಾಲು ದೊಡ್ಡ ಗ್ರಂಥಾಲಯಗಳಲ್ಲಿ ಇಲ್ಲ. ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಶಾಲೆಯ ಶತಮಾನೋತ್ಸವದ ಪುಸ್ತಿಕೆ, ಹಳೆಯ ಯಕ್ಷಗಾನ ಪ್ರಸಂಗದ ಬೆರಳಚ್ಚು ಪ್ರತಿ, ಯಾರದೋ ಮನೆಯ ತಾಳೆಗರಿಯ ಚಿತ್ರಗಳು, ಇವೆಲ್ಲ ಯಾವುದೋ ಪೇಟೆಯ ಮಹಡಿಯ ಮೇಲಿನ ಒಂದೇ ಕಂಪ್ಯೂಟರಿನಲ್ಲಿ ಇರುತ್ತವೆ. ಆ ಯಂತ್ರ ಹೋದರೆ ಇನ್ನೊಂದು ಪ್ರತಿ ಎಲ್ಲಿಯೂ ಸಿಗುವುದಿಲ್ಲ.

ಮೊದಲು ಶತ್ರುವಿನ ಪರಿಚಯವಾಗಲಿ. ರ್ಯಾನ್ಸಮ್‌ವೇರ್ ಎಂದರೆ ನಿಮ್ಮ ಕಡತಗಳನ್ನು ಓದಲಾಗದಂತೆ ಮಾಡಿ, ಮರಳಿ ಓದುವಂತಾಗಬೇಕಾದರೆ ಹಣ ಕೊಡಿ ಎಂದು ಕೇಳುವ ದುಷ್ಟ ತಂತ್ರಾಂಶ. ಓದಲಾಗದಂತೆ ಮಾಡುವ ಈ ಕ್ರಿಯೆಯನ್ನು ಎನ್‌ಕ್ರಿಪ್ಷನ್ ಎನ್ನುತ್ತಾರೆ. ಕಡತದ ಒಳಗಿನ ಮಾಹಿತಿಯನ್ನು ಗಣಿತದ ಸೂತ್ರದಿಂದ ಕಲಸಿಹಾಕುವುದು ಎಂದು ತಿಳಿದರೆ ಸಾಕು. ಅದನ್ನು ಬಿಡಿಸಲು ಬೇಕಾದ ಉದ್ದನೆಯ ಸಂಖ್ಯೆಗೆ ಕೀಲಿ ಎಂದು ಹೆಸರು, ಆ ಕೀಲಿ ದಾಳಿಕೋರನ ಬಳಿ ಮಾತ್ರ ಇರುತ್ತದೆ. ಆಂಟಿವೈರಸ್ ಹಾಕಿ ಆ ತಂತ್ರಾಂಶವನ್ನು ಅಳಿಸಿದರೂ, ವಿಂಡೋಸನ್ನು ಹೊಸದಾಗಿ ಹಾಕಿದರೂ ಕಡತಗಳು ಮೊದಲಿನಂತಾಗುವುದಿಲ್ಲ. ಇದನ್ನು ಅರಿಯದೆ "ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ" ಎಂದು ಯಂತ್ರವನ್ನು ರಿಪೇರಿಗೆ ಕೊಟ್ಟು, ಮುಂದೆಂದಾದರೂ ಬಿಡಿಸಿಕೊಳ್ಳಬಹುದಾಗಿದ್ದ ಕಡತಗಳನ್ನೂ ಕಳೆದುಕೊಂಡವರಿದ್ದಾರೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಆಗುವ ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಇದು ದಾಳಿಯಲ್ಲ, ಫಾಂಟು ಹಾಕಿದರೆ ಸರಿಯಾಗುತ್ತದೆ. ದಾಳಿಯಾಗಿದ್ದರೆ ಕಡತ ತೆರೆಯುವುದೇ ಇಲ್ಲ, ಅದರ ಹೆಸರೇ ಬದಲಾಗಿರುತ್ತದೆ. ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರಿನ "ಪುಟ 12" ಎಂಬ ಕಡತದ ಹೆಸರಿನ ಕೊನೆಯಲ್ಲಿ ಪಿಎಮ್‌ಡಿ ಎಂದಿರಬೇಕಾದಲ್ಲಿ, ಅದರ ಮುಂದೆ ಇನ್ನೊಂದು ಚುಕ್ಕಿ, ಆಮೇಲೆ ಅರ್ಥವಿಲ್ಲದ ನಾಲ್ಕೈದು ಅಕ್ಷರಗಳು ಇರುತ್ತವೆ. ಅದೇ ಫೋಲ್ಡರಿನಲ್ಲಿ ನೀವು ಬರೆಯದ ಒಂದು ಪಠ್ಯ ಕಡತವೂ ಇರುತ್ತದೆ. ಹಣ ಎಷ್ಟು, ಯಾವ ಇಮೇಲಿಗೆ ಬರೆಯಬೇಕು ಎಂಬುದೆಲ್ಲ ಅದರಲ್ಲಿರುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ನಿಮ್ಮ ಒಟ್ಟು ಕಡತಗಳ ಗಾತ್ರದ ಎರಡರಷ್ಟಾದರೂ ಹಿಡಿಯುವ ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕುಗಳು, ಒಂದು ನೋಟ್ ಪುಸ್ತಕ, ವಾರಕ್ಕೊಮ್ಮೆ ಸ್ವಲ್ಪ ಹೊತ್ತು. ಕೈಯಲ್ಲಿ ಹಣ ಕಡಿಮೆ ಇದ್ದರೆ ಆಂಟಿವೈರಸ್ ಚಂದಾದಾರಿಕೆಯನ್ನು ಬಿಟ್ಟು ಡಿಸ್ಕನ್ನು ಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಹಂತ 1: ಏನೇನು ಇದೆ ಎಂದು ಪಟ್ಟಿ ಮಾಡಿ

ಪುಸ್ತಕದಲ್ಲಿ ಬರೆಯಿರಿ: ಯಾವ ಕಡತಗಳು ಯಾವ ಯಂತ್ರದ ಯಾವ ಫೋಲ್ಡರಿನಲ್ಲಿವೆ, ಅವುಗಳಲ್ಲಿ ಯಾವುದು ಹೋದರೆ ಮತ್ತೆ ಸಿಗುವುದಿಲ್ಲ. ಇದು ಬೇಸರದ ಕೆಲಸ, ಆದರೆ ಇದನ್ನು ಬಿಟ್ಟವರು ತಪ್ಪದೆ ಏನನ್ನಾದರೂ ಮರೆಯುತ್ತಾರೆ. ಡಿಟಿಪಿಯವರು ಮರೆಯುವುದು ಫಾಂಟುಗಳನ್ನು. ಪುಟಗಳೆಲ್ಲ ಉಳಿದು ಹಳೆಯ ಫಾಂಟೊಂದು ಸಿಗದೆ ಹೋದರೆ ಆ ಪುಟಗಳನ್ನು ಮತ್ತೆ ಟೈಪಿಸುವುದೇ ಗತಿಯಾಗುತ್ತದೆ. ಲೆಕ್ಕ ಬರೆಯುವವರು ಮರೆಯುವುದು ಟ್ಯಾಲಿಯ ಡೇಟಾ ಫೋಲ್ಡರನ್ನು, ಏಕೆಂದರೆ ಅದು ಡಾಕ್ಯುಮೆಂಟ್ಸ್‌ನಲ್ಲಿ ಇರದೆ ಬೇರೆಲ್ಲೋ ಇರುತ್ತದೆ. ಡೆಸ್ಕ್‌ಟಾಪ್ ಮೇಲೆ ತಾತ್ಕಾಲಿಕವಾಗಿ ಇಟ್ಟದ್ದು ವರ್ಷಗಟ್ಟಲೆ ಅಲ್ಲಿಯೇ ಉಳಿದಿರುತ್ತದೆ, ಅದನ್ನೂ ಪಟ್ಟಿಗೆ ಸೇರಿಸಿ.

ಹಂತ 2: ಬ್ಯಾಕಪ್

ಬ್ಯಾಕಪ್ ಎಂದರೆ ಮೂಲ ಕಡತಕ್ಕೆ ಏನೇ ಆದರೂ ತನಗೇನೂ ಆಗದಂತೆ ಬೇರೆಡೆ ಇರುವ ಪ್ರತಿ. ಈ ಲೇಖನದಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವ ತಾಳ್ಮೆ ನಿಮಗಿದ್ದರೆ ಇದನ್ನು ಪಾಲಿಸಿ. ಉಳಿದ ಎಲ್ಲ ಹಂತಗಳೂ ದಾಳಿಯ ಸಾಧ್ಯತೆಯನ್ನು ಕಡಿಮೆ ಮಾಡುತ್ತವೆ. ದಾಳಿ ನಡೆದ ಮೇಲೂ ಕಡತಗಳನ್ನು ಖಚಿತವಾಗಿ ಮರಳಿ ಕೊಡುವುದು ಇದು ಮಾತ್ರ.

ಒಬ್ಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರವನ್ನು ಇಂದಿಗೂ ಎಲ್ಲರೂ ಒಪ್ಪುತ್ತಾರೆ: ಒಟ್ಟು 3 ಪ್ರತಿಗಳು, 2 ಬಗೆಯ ಸಾಧನಗಳಲ್ಲಿ, 1 ಪ್ರತಿ ಬೇರೆ ಜಾಗದಲ್ಲಿ. ನಮ್ಮ ಸಣ್ಣ ಕಚೇರಿಗಳಿಗೆ ಅದನ್ನು ಹೀಗೆ ಹೊಂದಿಸಿಕೊಳ್ಳಬಹುದು. ಮೂಲ ಕಡತ ಕಂಪ್ಯೂಟರಿನಲ್ಲಿ ಇರುತ್ತದೆ. ಎರಡು ಎಕ್ಸ್‌ಟರ್ನಲ್ ಡಿಸ್ಕುಗಳಿಗೆ 'ಅ' ಮತ್ತು 'ಆ' ಎಂದು ಚೀಟಿ ಅಂಟಿಸಿ, ಒಂದು ವಾರ ಒಂದಕ್ಕೆ, ಮರುವಾರ ಇನ್ನೊಂದಕ್ಕೆ ಪ್ರತಿ ಮಾಡಿ. ಒಂದು ಡಿಸ್ಕು ಕಚೇರಿಯಲ್ಲಿದ್ದರೆ ಇನ್ನೊಂದು ಮನೆಯಲ್ಲಿರಲಿ. ತೀರಾ ಮುಖ್ಯವಾದವನ್ನು ಇದಲ್ಲದೆ ಗೂಗಲ್ ಡ್ರೈವ್‌ನಂತಹ ಕ್ಲೌಡ್ ಜಾಗದಲ್ಲೂ ಇಡಿ. ಕ್ಲೌಡ್ ಎಂದರೆ ಅಂತರ್ಜಾಲದ ಮೂಲಕ ಬಳಸುವ, ಬೇರೊಂದು ಸಂಸ್ಥೆಯ ಕಂಪ್ಯೂಟರಿನ ಜಾಗ.

ವಾರದ ಕೆಲಸದ ಕ್ರಮ ಇದು. ಡಿಸ್ಕನ್ನು ಜೋಡಿಸುವ ಮೊದಲೇ ಕಂಪ್ಯೂಟರಿನ ನಾಲ್ಕಾರು ಕಡತಗಳನ್ನು ತೆರೆದು ನೋಡಿ, ಅವು ಸರಿಯಾಗಿವೆ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಡಿಸ್ಕನ್ನು ಜೋಡಿಸಿ, ಅದರಲ್ಲಿ ಆ ದಿನದ ದಿನಾಂಕದ ಹೆಸರಿನ ಹೊಸ ಫೋಲ್ಡರು ಮಾಡಿ, ಪಟ್ಟಿಯಲ್ಲಿರುವುದನ್ನೆಲ್ಲ ಅದಕ್ಕೆ ಪ್ರತಿ ಮಾಡಿ. ಮುಗಿದ ಮೇಲೆ ಡಿಸ್ಕಿನಲ್ಲಿರುವ ಪ್ರತಿಗಳಲ್ಲಿ ಕೆಲವನ್ನು ತೆರೆದು ನೋಡಿ, 'ಇಜೆಕ್ಟ್' ಒತ್ತಿ, ತಂತಿಯನ್ನು ಕಳಚಿ, ಡಿಸ್ಕನ್ನು ಕಪಾಟಿನಲ್ಲಿಡಿ. ಮಳೆಗಾಲದ ತೇವಕ್ಕೆ ಸಿಗದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟರೆ ಒಳ್ಳೆಯದು. ಪ್ರತಿಯಾಗುತ್ತಿರುವಾಗ ಕರೆಂಟು ಹೋದರೆ ಆ ದಿನದ ಫೋಲ್ಡರನ್ನು ನಂಬಬೇಡಿ. ಅಳಿಸಿ ಮೊದಲಿನಿಂದ ಮಾಡಿ.

ತಂತಿ ಕಳಚುವುದೇ ಈ ಹಂತದ ಜೀವಾಳ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ಮೋಡ ಕವಿದರೆ ನಮ್ಮಲ್ಲಿ ಯಾರೂ ಹೇಳದೆಯೇ ಟಿವಿಯ ಪ್ಲಗ್ ಕೀಳುತ್ತಾರೆ, ಏಕೆಂದರೆ ತಂತಿಗೆ ಸೇರಿಕೊಂಡಿರುವುದಕ್ಕೆ ಮಾತ್ರ ಸಿಡಿಲಿನ ಭಯ. ಬ್ಯಾಕಪ್ ಡಿಸ್ಕಿನ ವಿಚಾರವೂ ಹಾಗೆಯೇ. ದಾಳಿಯ ತಂತ್ರಾಂಶವು ಕಂಪ್ಯೂಟರಿಗೆ ಸೇರಿಕೊಂಡಿರುವ ಪ್ರತಿಯೊಂದು ಡ್ರೈವನ್ನೂ ಹುಡುಕಿಕೊಂಡು ಹೋಗುತ್ತದೆ. ಅನುಕೂಲಕ್ಕೆಂದು ಡಿಸ್ಕನ್ನು ಸದಾ ಜೋಡಿಸಿಟ್ಟವರ ಮೂಲವೂ ಪ್ರತಿಯೂ ಒಂದೇ ರಾತ್ರಿ ಹೋಗುತ್ತವೆ.

ಇಲ್ಲಿ ಜನ ಎಡವುವ ಕಡೆಗಳು ಹಲವಿವೆ. ಅತಿ ಸಾಮಾನ್ಯವಾದದ್ದು "ಡಿ ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇದೆ" ಎಂಬ ನಂಬಿಕೆ. ಸಿ ಮತ್ತು ಡಿ ಹೆಚ್ಚಾಗಿ ಒಂದೇ ಡಿಸ್ಕಿನ ಎರಡು ಭಾಗಗಳು. ಎರಡು ಬೇರೆ ಡಿಸ್ಕುಗಳಾಗಿದ್ದರೂ ದಾಳಿಗೆ ಎರಡೂ ಒಂದೇ. ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನೂ ಅವಲಂಬಿಸಬೇಡಿ, ಬಹುತೇಕ ರ್ಯಾನ್ಸಮ್‌ವೇರ್‌ಗಳು ಮೊದಲು ಮಾಡುವ ಕೆಲಸವೇ ಅವನ್ನು ಅಳಿಸುವುದು. ಎರಡನೆಯದಾಗಿ, ಸಿಂಕ್ ಮಾಡುವುದನ್ನು ಬ್ಯಾಕಪ್ ಎಂದು ತಿಳಿಯುವುದು. ಸಿಂಕ್ ಎಂದರೆ ಕಂಪ್ಯೂಟರಿನಲ್ಲಿ ಆದ ಬದಲಾವಣೆ ತಾನಾಗಿಯೇ ಕ್ಲೌಡಿನಲ್ಲೂ ಆಗುವುದು. ಇಲ್ಲಿ ಕಡತ ಹಾಳಾದರೆ ಅಲ್ಲಿಯೂ ಹಾಳಾದ ಕಡತವೇ ಹೋಗಿ ಕೂರುತ್ತದೆ. ಗೂಗಲ್ ಡ್ರೈವ್ ಸಾಮಾನ್ಯವಾಗಿ 30 ದಿನಗಳವರೆಗೆ ಕಡತದ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುವುದರಿಂದ ಬೇಗ ಗಮನಿಸಿದರೆ ಒಂದೊಂದಾಗಿ ಹಿಂದಕ್ಕೆ ತರಬಹುದು, ಆದರೆ ಸಾವಿರಾರು ಕಡತಗಳಿದ್ದಾಗ ಅದು ಸುಲಭದ ಕೆಲಸವಲ್ಲ. ಮೂರನೆಯದು, ಹಳೆಯ ಬ್ಯಾಕಪ್ಪಿನ ಮೇಲೆಯೇ ಹೊಸದನ್ನು ಬರೆಯುವುದು. ಹಾಳಾದದ್ದು ಗಮನಕ್ಕೆ ಬಾರದೆ ಹದಿನೈದು ದಿನ ಕಳೆದಿದ್ದರೆ ಎರಡೂ ಡಿಸ್ಕುಗಳಲ್ಲಿ ಹಾಳಾದದ್ದೇ ಉಳಿಯುತ್ತದೆ. ತಿಂಗಳಿಗೊಂದು ಫೋಲ್ಡರನ್ನಾದರೂ ಅಳಿಸದೆ ಉಳಿಸಿಕೊಳ್ಳಿ.

ಆರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಡಿಸ್ಕನ್ನು ಜೋಡಿಸಿ, ಒಂದು ಹಳೆಯ ಸಂಚಿಕೆಯನ್ನು ಫಾಂಟು ಸಮೇತ ತೆರೆದು ಮುದ್ರಣಕ್ಕೆ ಕಳುಹಿಸುವಷ್ಟರ ಮಟ್ಟಿಗೆ ಸಿದ್ಧಪಡಿಸಲು ಆಗುತ್ತದೆಯೇ ಎಂದು ಪರೀಕ್ಷಿಸಿ. ಪರೀಕ್ಷಿಸದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ.

ಹಂತ 3: ವಿಂಡೋಸನ್ನು ಹೊಸದಾಗಿಡಿ, ಆಗದಿದ್ದರೆ ಜಾಲದಿಂದ ದೂರವಿಡಿ

2017ರ ಮೇ 12ರಂದು ವನ್ನಾಕ್ರೈ ಎಂಬ ರ್ಯಾನ್ಸಮ್‌ವೇರ್ ಸುಮಾರು 150 ದೇಶಗಳಿಗೆ ಹಬ್ಬಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಸೇರಿದಂತೆ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಅದಕ್ಕೆ ತುತ್ತಾದವು. ನಮ್ಮ ಕೇರಳದಲ್ಲಿಯೇ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯತಿನ ಕಂಪ್ಯೂಟರುಗಳ ತೆರೆಯ ಮೇಲೆ ಹಣ ಕೇಳುವ ಸಂದೇಶ ಮೂಡಿತ್ತು. ಅದು ನುಸುಳಿದ್ದು ವಿಂಡೋಸಿನಲ್ಲಿ ಕಡತ ಹಂಚಿಕೆಗೆ ಬಳಸುವ ಹಳೆಯ ವ್ಯವಸ್ಥೆಯೊಂದರ ದೋಷದ ಮೂಲಕ. ಆ ದೋಷವನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳ ಕಾಲ ಅದನ್ನು ಹಾಕಿಕೊಳ್ಳದ ಯಂತ್ರಗಳು, ಮತ್ತು ಅಪ್‌ಡೇಟ್ ನಿಂತೇಹೋಗಿದ್ದ ಹಳೆಯ ಯಂತ್ರಗಳು ಸಿಕ್ಕಿಬಿದ್ದವು.

ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಅಪ್‌ಡೇಟುಗಳು ನಿಂತವು. ವಿಂಡೋಸ್ 10 ಬಳಸುವ ಮನೆಬಳಕೆದಾರರು ವಿಸ್ತರಿತ ಭದ್ರತಾ ಯೋಜನೆಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯಬಹುದು. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಒಗ್ಗುವಂತಿದ್ದರೆ ಅದಕ್ಕೆ ಬದಲಾಯಿಸಿಕೊಳ್ಳಿ. ಇಲ್ಲವಾದರೆ ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸಬಲ್ಲ, ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಸುವುದು ಒಳ್ಳೆಯ ದಾರಿ. ಕೇರಳದ ಶಾಲೆಗಳಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಒದಗಿಸುವ ಲಿನಕ್ಸ್ ಬಳಕೆಯಲ್ಲಿರುವುದರಿಂದ ನಿಮ್ಮ ಮನೆಯ ಮಕ್ಕಳಿಗೇ ಅದು ಚೆನ್ನಾಗಿ ಗೊತ್ತಿರುತ್ತದೆ. ಮನೆಯ ಯಂತ್ರಗಳ ಮೇಲಿನ ದಾಳಿಗಳು ಹೆಚ್ಚಾಗಿ ವಿಂಡೋಸನ್ನೇ ಗುರಿಯಾಗಿಸಿಕೊಂಡಿವೆ. ಹಾಗೆಂದು ಲಿನಕ್ಸಿನಲ್ಲಿರುವ ಕಡತಗಳಿಗೆ ಬ್ಯಾಕಪ್ ಬೇಡವೆಂದಲ್ಲ.

ಡಿಟಿಪಿಯವರ ಕಷ್ಟ ನನಗೆ ಗೊತ್ತು. ಪೇಜ್‌ಮೇಕರ್, ಹಳೆಯ ಫಾಂಟುಗಳು, ತಂತ್ರಾಂಶ ನಡೆಯಲು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕ್, ಇವೆಲ್ಲ ಹಳೆಯ ವಿಂಡೋಸಿನಲ್ಲಿ ಮಾತ್ರ ಸರಿಯಾಗಿ ನಡೆಯುತ್ತವೆ, ಇಪ್ಪತ್ತು ವರ್ಷಗಳ ಸಂಚಿಕೆಗಳೆಲ್ಲ ಅದೇ ರೂಪದಲ್ಲಿವೆ. ಅಂತಹ ಯಂತ್ರವನ್ನು ಎಸೆಯಬೇಕಾಗಿಲ್ಲ. ಅದರಿಂದ ಇಂಟರ್ನೆಟ್ ತಂತಿಯನ್ನು ಶಾಶ್ವತವಾಗಿ ತೆಗೆದು, ವೈಫೈ ಇದ್ದರೆ ಆಫ್ ಮಾಡಿ, ಪುಟ ಕಟ್ಟುವುದಕ್ಕೆ ಮಾತ್ರ ಮೀಸಲಿಡಿ. ಮೇಲ್ ನೋಡುವುದು, ವಾಟ್ಸ್ಆ್ಯಪ್‌ನಿಂದ ಫೋಟೋ ಇಳಿಸುವುದು, ಮುದ್ರಣಾಲಯಕ್ಕೆ ಪಿಡಿಎಫ್ ಕಳುಹಿಸುವುದು ಇವೆಲ್ಲ ಹೊಸ ಯಂತ್ರದಲ್ಲಿ ನಡೆಯಲಿ. ನಡುವಿನ ಸಾಗಾಟಕ್ಕೆ ಒಂದೇ ಪೆನ್‌ಡ್ರೈವ್ ಇರಲಿ, ಅದನ್ನು ಹೊಸ ಯಂತ್ರದಲ್ಲಿ ಪ್ರತಿಸಲವೂ ಆಂಟಿವೈರಸಿನಿಂದ ಸ್ಕ್ಯಾನ್ ಮಾಡಿ. ಹೊಸ ಕೆಲಸಗಳನ್ನು ಸಾಧ್ಯವಿದ್ದಷ್ಟೂ, ಎಲ್ಲ ಹೊಸ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಮಾಡುತ್ತಾ ಬಂದರೆ ಹಳೆಯ ಯಂತ್ರದ ಅವಲಂಬನೆ ತಾನಾಗಿ ತಗ್ಗುತ್ತದೆ.

ಹಂತ 4: ಕ್ರ್ಯಾಕ್ ಮಾಡಿದ ತಂತ್ರಾಂಶವನ್ನು ಬಿಡಿ

ಸಣ್ಣ ಕಚೇರಿಗಳಿಗೂ ಮನೆಗಳಿಗೂ ರ್ಯಾನ್ಸಮ್‌ವೇರ್ ಬರುವ ಅತಿ ದೊಡ್ಡ ದಾರಿಗಳಲ್ಲಿ ಇದೊಂದು. ಕ್ರ್ಯಾಕ್ ಎಂದರೆ ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಪುಕ್ಕಟೆಯಾಗಿ ನಡೆಯುವಂತೆ ತಿದ್ದುವ ಕಡತ. ವಿಂಡೋಸ್ ಮತ್ತು ಆಫೀಸಿಗೆ ಬಳಸುವ ಆ್ಯಕ್ಟಿವೇಟರ್‌ಗಳೂ ಇದೇ ಜಾತಿಯವು. ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ ರ್ಯಾನ್ಸಮ್‌ವೇರ್ ಕುಟುಂಬವು ಮುಖ್ಯವಾಗಿ ಇಂತಹ ಕಡತಗಳ ಒಳಗೆ ಕೂತೇ ಹರಡುತ್ತದೆ. ಫೋಟೋಶಾಪ್, ಕೋರೆಲ್‌ಡ್ರಾಗಳ ಕ್ರ್ಯಾಕ್ ಹುಡುಕುವ ಸ್ಟುಡಿಯೋ ಮತ್ತು ಡಿಟಿಪಿಯವರು ಅದಕ್ಕೆ ಸುಲಭದ ಗುರಿ. ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ ಎಂಬ ಸೂಚನೆ ಅದರ ಜೊತೆಗೇ ಇರುತ್ತದೆ, ಅಂದರೆ ಕಾವಲನ್ನು ನಮ್ಮ ಕೈಯಿಂದಲೇ ತೆಗೆಸುತ್ತಾರೆ.

ಬದಲಿಗೆ ಏನು? ಪತ್ರ, ಲೆಕ್ಕಕ್ಕೆ ಲಿಬ್ರೆಆಫೀಸ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಚಿತ್ರಗಳಿಗೆ ಜಿಂಪ್ ಮತ್ತು ಇಂಕ್‌ಸ್ಕೇಪ್. ಇವೆಲ್ಲ ಉಚಿತ ಮತ್ತು ಕಾನೂನುಬದ್ಧ. ಕೈಗೆ ಒಗ್ಗಲು ಸಮಯ ಬೇಕು ಎಂಬುದು ನಿಜ. ಒಗ್ಗದವರು ಮೂಲ ತಂತ್ರಾಂಶದ ಮಾಸಿಕ ಚಂದಾ ಕೊಟ್ಟು, ಅದನ್ನು ಕೆಲಸದ ದರದಲ್ಲಿ ಸೇರಿಸಿಕೊಳ್ಳಬೇಕು. ಕನ್ನಡದ ಕೀಲಿಮಣೆ ಮತ್ತು ಫಾಂಟುಗಳನ್ನು ಅವುಗಳ ಮೂಲ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಯಾರೋ ಪೆನ್‌ಡ್ರೈವಿನಲ್ಲಿ ಕೊಟ್ಟ "ಎಲ್ಲ ಕನ್ನಡ ಫಾಂಟುಗಳು" ಎಂಬ ಇನ್‌ಸ್ಟಾಲರನ್ನು ನಡೆಸಬೇಡಿ.

ಹಂತ 5: ಕಂಪ್ಯೂಟರಿನ ಒಳಗಿನ ರಕ್ಷಣೆಗಳನ್ನು ಜಾರಿಗೊಳಿಸಿ

ವಿಂಡೋಸಿನಲ್ಲಿ ಬಳಕೆದಾರರ ಖಾತೆಗಳು ಎರಡು ಬಗೆಯವು. ಅಡ್ಮಿನಿಸ್ಟ್ರೇಟರ್ ಖಾತೆಗೆ ಏನು ಬೇಕಾದರೂ ಮಾಡುವ ಅಧಿಕಾರವಿದೆ, ಸ್ಟ್ಯಾಂಡರ್ಡ್ ಖಾತೆಗೆ ಇಲ್ಲ. ದಿನನಿತ್ಯದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆಯನ್ನೇ ಬಳಸಿ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಒಬ್ಬರೇ ಇಟ್ಟುಕೊಳ್ಳಿ. ಇದರಿಂದ ನಿಮ್ಮ ಸ್ವಂತ ಕಡತಗಳಿಗೆ ಪೂರ್ಣ ರಕ್ಷೆ ಸಿಗುವುದಿಲ್ಲವಾದರೂ ಹಾನಿ ಇಡೀ ಯಂತ್ರಕ್ಕೆ ಹಬ್ಬುವುದು ಕಷ್ಟವಾಗುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ರ್ಯಾನ್ಸಮ್‌ವೇರಿಗೆಂದೇ ಒಂದು ರಕ್ಷಣೆಯಿದೆ, ಆದರೆ ಅದು ಮೊದಲಿನಿಂದ ಚಾಲೂ ಇರುವುದಿಲ್ಲ. 'ವಿಂಡೋಸ್ ಸೆಕ್ಯುರಿಟಿ' ತೆರೆದು, 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್' ಪುಟದ ಕೆಳಭಾಗದಲ್ಲಿ 'ಮ್ಯಾನೇಜ್ ರ್ಯಾನ್ಸಮ್‌ವೇರ್ ಪ್ರೊಟೆಕ್ಷನ್' ಒತ್ತಿ, 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಎಂಬುದನ್ನು ಚಾಲೂ ಮಾಡಿ. ಆಮೇಲೆ ನಿಮ್ಮ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಅದಕ್ಕೆ ಸೇರಿಸಿ. ಗುರುತು ಪರಿಚಯವಿಲ್ಲದ ತಂತ್ರಾಂಶಗಳು ಆ ಫೋಲ್ಡರುಗಳ ಕಡತಗಳನ್ನು ತಿದ್ದಲು ಹೋದರೆ ವಿಂಡೋಸ್ ತಡೆಯುತ್ತದೆ. ಹಳೆಯ ಡಿಟಿಪಿ ತಂತ್ರಾಂಶಗಳನ್ನೂ ಅದು ತಡೆಯಬಹುದು, ಆಗ "ಸೇವ್ ಆಗುತ್ತಿಲ್ಲ" ಎಂದು ಬೇಸತ್ತು ಇಡೀ ರಕ್ಷಣೆಯನ್ನೇ ಆಫ್ ಮಾಡುವವರಿದ್ದಾರೆ. ಹಾಗೆ ಮಾಡದೆ, ಅಲ್ಲಿಯೇ ಇರುವ 'ಅಲೋ ಆ್ಯನ್ ಆ್ಯಪ್' ಮೂಲಕ ಆ ಒಂದು ತಂತ್ರಾಂಶಕ್ಕೆ ಅನುಮತಿ ಕೊಡಿ. ಬೇರೆ ಆಂಟಿವೈರಸ್ ಹಾಕಿಕೊಂಡಿದ್ದರೆ ಈ ಸೌಲಭ್ಯ ಕೆಲಸ ಮಾಡದು. ಆಗ ಆ ಆಂಟಿವೈರಸಿನಲ್ಲಿಯೇ ಇಂತಹ ರಕ್ಷಣೆ ಇದೆಯೇ ನೋಡಿಕೊಳ್ಳಿ.

ಜೊತೆಗೆ, ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಪಟ್ಟಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬುದಕ್ಕೆ ಗುರುತು ಹಾಕಿ. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಅಕ್ಷರಗಳು ಆಗ ಕಾಣುತ್ತವೆ. "ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ" ಎಂಬ ಕಡತದ ಕೊನೆಯ ಭಾಗ ಮರೆಯಾಗಿದ್ದರೆ ಅದು ಬರಿಯ ಬಿಲ್ಲಿನಂತೆ ಕಾಣುತ್ತದೆ. ಇಎಕ್ಸ್ಇ ಎಂದರೆ ಅದು ಓದುವ ಕಡತವಲ್ಲ, ಕಂಪ್ಯೂಟರಿನಲ್ಲಿ ನಡೆಯುವ ತಂತ್ರಾಂಶ.

ಹಂತ 6: ಒಳಬರುವ ದಾರಿಗಳನ್ನು ಕಾಯಿರಿ

ಮೇಲ್ ಮೂಲಕ ಬರುವ ಜಿಎಸ್‌ಟಿ ನೋಟಿಸು, ಕೊರಿಯರ್ ರಸೀದಿ, ಪಾಸ್‌ವರ್ಡ್ ಹಾಕಿದ ಜಿಪ್ ಕಡತ ಇವುಗಳನ್ನು ಕಳುಹಿಸಿದವರಿಗೆ ಫೋನ್ ಮಾಡಿ ಕೇಳದೆ ತೆರೆಯಬೇಡಿ. ವರ್ಡ್ ಅಥವಾ ಎಕ್ಸೆಲ್ ಕಡತ ತೆರೆದಾಗ 'ಎನೇಬಲ್ ಕಂಟೆಂಟ್' ಎಂದು ಹಳದಿ ಪಟ್ಟಿ ಕಂಡರೆ ಅದನ್ನು ಒತ್ತಬೇಡಿ. ಕಡತದೊಳಗೆ ಅಡಗಿರುವ ಮ್ಯಾಕ್ರೋ ಎಂಬ ಸಣ್ಣ ಆದೇಶಗಳನ್ನು ನಡೆಸಲು ಅದು ಅನುಮತಿ ಕೇಳುತ್ತಿರುತ್ತದೆ. ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರ, ಜೆರಾಕ್ಸ್ ಅಂಗಡಿಗಳಂತೆ ದಿನವಿಡೀ ಗ್ರಾಹಕರ ಪೆನ್‌ಡ್ರೈವ್ ಹಾಕಬೇಕಾದವರು ಪ್ರಿಂಟ್ ಕೊಡುವುದಕ್ಕೆಂದೇ ಒಂದು ಬೇರೆ ಯಂತ್ರವನ್ನಿಟ್ಟು, ಅದರಲ್ಲಿ ಸ್ವಂತ ಲೆಕ್ಕಪತ್ರ, ಗ್ರಾಹಕರ ಆಧಾರ್ ಪ್ರತಿ ಮೊದಲಾದುವನ್ನು ಇಡದಿರುವುದು ಕ್ಷೇಮ.

ದೂರದಿಂದ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಕಚೇರಿಯ ಲೆಕ್ಕವನ್ನು ಮನೆಯಿಂದ ನೋಡಲೆಂದು ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುತ್ತಾರೆ. ಹೀಗೆ ತೆರೆದಿರುವ ಯಂತ್ರಗಳನ್ನು ದಾಳಿಕೋರರ ತಂತ್ರಾಂಶಗಳು ಹಗಲಿರುಳು ಹುಡುಕುತ್ತಾ, ಸಾಮಾನ್ಯ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿರುತ್ತವೆ. ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ; ಬೇಕೇ ಬೇಕಾದರೆ ತಿಳಿದವರಿಂದ ವಿಪಿಎನ್ ಎಂಬ ಖಾಸಗಿ ಸಂಪರ್ಕದ ಹಿಂದೆ ಹಾಕಿಸಿ. ಇದೇ ಕೆಲಸಕ್ಕೆ ಬಳಸುವ ಎನಿಡೆಸ್ಕ್‌ನಂತಹ ತಂತ್ರಾಂಶಗಳನ್ನು ಕೆಲಸ ಮುಗಿದೊಡನೆ ಮುಚ್ಚಿ, ರಿಪೇರಿಯವರು ಹಾಕಿಟ್ಟ ಶಾಶ್ವತ ಪಾಸ್‌ವರ್ಡನ್ನು ತೆಗೆಯಿರಿ. ಕಚೇರಿಯೊಳಗೆ ಹಂಚಿಕೊಂಡ ಫೋಲ್ಡರಿಗೆ 'ಎವರಿವನ್' ಎಂದು ಪೂರ್ಣ ಅಧಿಕಾರ ಕೊಟ್ಟಿದ್ದರೆ ಒಂದು ಯಂತ್ರದ ಸೋಂಕು ಎಲ್ಲರ ಕಡತಗಳನ್ನೂ ತಿನ್ನುತ್ತದೆ. ಬರೆಯಬೇಕಾದವರಿಗೆ ಮಾತ್ರ ಬರೆಯುವ ಅಧಿಕಾರವಿರಲಿ.

ಸೇವಾ ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಯಲ್ಲಿರುವ ಓದುಗರಿಗೆ ಒಂದು ಮಾತು. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಂಸ್ಥೆಯೊಂದರ ಮೇಲೆ ರ್ಯಾನ್ಸಮ್‌ವೇರ್ ದಾಳಿ ನಡೆದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತ್ತು. ನಿಮ್ಮ ಲೆಕ್ಕಗಳನ್ನು ಹೊರಗಿನ ಸಂಸ್ಥೆ ನೋಡಿಕೊಳ್ಳುತ್ತಿದ್ದರೆ, ಬ್ಯಾಕಪ್ ಎಲ್ಲಿದೆ, ಕೊನೆಯ ಸಲ ಅದನ್ನು ಪರೀಕ್ಷಿಸಿದ್ದು ಯಾವಾಗ ಎಂದು ಅವರಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಹಂತ 7: ದಾಳಿಯಾದರೆ

ಮೊದಲು ಜಾಲ. ಇಂಟರ್ನೆಟ್ ತಂತಿಯನ್ನು ಕೀಳಿ, ವೈಫೈ ಆಫ್ ಮಾಡಿ, ಜೋಡಿಸಿರುವ ಡಿಸ್ಕು, ಪೆನ್‌ಡ್ರೈವುಗಳನ್ನು ಕಳಚಿ. ಕಡತಗಳು ನಿಮ್ಮ ಕಣ್ಣೆದುರೇ ಒಂದೊಂದಾಗಿ ಬದಲಾಗುತ್ತಿದ್ದರೆ ಯಂತ್ರವನ್ನು ಕೂಡಲೇ ಆಫ್ ಮಾಡಿ, ಉಳಿದವಾದರೂ ಉಳಿಯುತ್ತವೆ. ಆಮೇಲೆ ಅದನ್ನು ಮಾಮೂಲಿನಂತೆ ಮತ್ತೆ ಚಾಲೂ ಮಾಡಬೇಡಿ, ಡಿಸ್ಕನ್ನು ಹೊರತೆಗೆದು ನೋಡಬಲ್ಲವರಿಗೆ ಕೊಡಿ. ಬದಲಾವಣೆ ಮುಗಿದುಹೋಗಿದ್ದರೆ ಅವಸರ ಬೇಡ. ಹಣ ಕೇಳುವ ಸಂದೇಶದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಆ ಚೀಟಿಯ ಕಡತವನ್ನಾಗಲಿ, ಹಾಳಾದ ಕಡತಗಳನ್ನಾಗಲಿ ಅಳಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, "ಬ್ಯಾಕಪ್ ಸರಿಯಿದೆಯೇ ನೋಡೋಣ" ಎಂದು ಆ ಯಂತ್ರಕ್ಕೆ ಬ್ಯಾಕಪ್ ಡಿಸ್ಕನ್ನು ಜೋಡಿಸಬೇಡಿ. ಗಾಬರಿಯಲ್ಲಿ ಈ ತಪ್ಪು ಸುಲಭವಾಗಿ ಆಗಿಹೋಗುತ್ತದೆ.

ಎರಡನೆಯದು ದೂರು. 1930 ಸಹಾಯವಾಣಿಗೆ ಕರೆ ಮಾಡಬಹುದು, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದಾಖಲಿಸಬಹುದು, ಕಾಸರಗೋಡಿನ ಸೈಬರ್ ಪೊಲೀಸ್ ಠಾಣೆಗೆ ಹೋಗಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿಯ ಕನ್ನಡಿಗರಿಗೆ ರಾಜ್ಯ ಸರ್ಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ಮಲಯಾಳ ಬರೆಯಲು ಬಾರದೆಂದು ದೂರು ಕೊಡದೆ ಉಳಿಯಬೇಡಿ. ಕಂಪನಿ, ಸಂಸ್ಥೆಗಳು ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆಗೆ, ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ.

ಹಣ ಕೊಡಬೇಕೇ? ಕೊಡಬೇಡಿ. ಡಿಜೆವಿಯುವಿನ ಚೀಟಿ 980 ಡಾಲರ್ ಕೇಳಿ, 72 ಗಂಟೆಗಳೊಳಗೆ ಕೊಟ್ಟರೆ ಅರ್ಧಕ್ಕೆ, ಅಂದರೆ 490 ಡಾಲರಿಗೆ ಬಿಡುತ್ತೇವೆ ಎನ್ನುತ್ತದೆ. ಯೋಚಿಸಲು ಬಿಡದಂತೆ ಅವಸರಪಡಿಸುವುದೇ ಇದರ ಉದ್ದೇಶ. ಹಣ ಪಡೆದವರು ಕೀಲಿ ಕೊಟ್ಟೇ ಕೊಡುತ್ತಾರೆ ಎಂಬುದಕ್ಕೆ ಯಾವ ಖಾತ್ರಿಯೂ ಇಲ್ಲ. 2017ರ ಜೂನ್ 27ರಂದು ಹರಡಿ ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲನ್ನೂ ನಿಲ್ಲಿಸಿದ ನಾಟ್‌ಪೆಟ್ಯಾ ಹೊರನೋಟಕ್ಕೆ ರ್ಯಾನ್ಸಮ್‌ವೇರ್ ಆಗಿತ್ತು, ಆದರೆ ಕಡತಗಳನ್ನು ಮರಳಿ ಕೊಡುವ ವ್ಯವಸ್ಥೆಯೇ ಅದರಲ್ಲಿ ಇರಲಿಲ್ಲ. "ನೂರಕ್ಕೆ ನೂರು ಬಿಡಿಸಿಕೊಡುತ್ತೇವೆ" ಎಂದು ಜಾಹೀರಾತು ಕೊಡುವವರ ಬಗ್ಗೆಯೂ ಜಾಗರೂಕರಾಗಿರಿ; ಗುಟ್ಟಾಗಿ ದಾಳಿಕೋರರಿಗೇ ಹಣ ಕೊಟ್ಟು ಅದರ ಮೇಲೆ ತಮ್ಮ ಲಾಭ ಸೇರಿಸುವವರು ಅವರಲ್ಲಿದ್ದಾರೆ.

ಹಣವಿಲ್ಲದೆ ಬಿಡಿಸುವ ದಾರಿ ಕೆಲವೊಮ್ಮೆ ಇದೆ. ನೆದರ್ಲೆಂಡ್ಸ್ ಪೊಲೀಸರು, ಯೂರೋಪಿನ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು 2016ರ ಜುಲೈಯಲ್ಲಿ ಆರಂಭಿಸಿದ 'ನೋ ಮೋರ್ ರ್ಯಾನ್ಸಮ್' ತಾಣಕ್ಕೆ ಬೇರೊಂದು ಸ್ವಚ್ಛ ಯಂತ್ರದಿಂದ ಹೋಗಿ, ಹಾಳಾದ ಎರಡು ಕಡತಗಳನ್ನೂ ಹಣ ಕೇಳುವ ಚೀಟಿಯನ್ನೂ ಏರಿಸಿದರೆ, ಯಾವ ರ್ಯಾನ್ಸಮ್‌ವೇರ್ ಎಂಬುದನ್ನೂ ಅದಕ್ಕೆ ಉಚಿತ ಬಿಡಿಸುವ ತಂತ್ರಾಂಶ ಇದೆಯೇ ಎಂಬುದನ್ನೂ ತಿಳಿಸುತ್ತದೆ. ಪರೀಕ್ಷೆಗೆ ಖಾಸಗಿ ವಿವರಗಳಿಲ್ಲದ ಕಡತಗಳನ್ನು ಆರಿಸಿಕೊಳ್ಳಿ. ಡಿಜೆವಿಯು ಕುಟುಂಬದಲ್ಲಿ, ದಾಳಿಯ ವೇಳೆ ಆ ತಂತ್ರಾಂಶಕ್ಕೆ ತನ್ನ ಸರ್ವರಿನ, ಅಂದರೆ ದಾಳಿಕೋರರ ದೂರದ ಕಂಪ್ಯೂಟರಿನ, ಸಂಪರ್ಕ ಸಿಗದೆ ತನ್ನೊಳಗೇ ಇದ್ದ ಕೀಲಿಯನ್ನು ಬಳಸಿದ್ದರೆ ಬಿಡಿಸುವ ಆಸೆ ಇಟ್ಟುಕೊಳ್ಳಬಹುದು. ಸರ್ವರಿನಿಂದ ಬೇರೆ ಕೀಲಿ ಪಡೆದಿದ್ದರೆ ಸದ್ಯಕ್ಕೆ ದಾರಿಯಿಲ್ಲ.

ಇದೇ ಕುಟುಂಬ ಹಲವು ಸಲ ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನೂ ಜೊತೆಗೆ ತರುತ್ತದೆ. ಆದ್ದರಿಂದ ಬೇರೊಂದು ಸಾಧನದಿಂದ, ಸೋಂಕಿನ ಯಂತ್ರದಿಂದ ಅಲ್ಲ, ಮೊದಲು ಇಮೇಲಿನ, ಆಮೇಲೆ ಬ್ಯಾಂಕಿನ, ಕೊನೆಗೆ ಉಳಿದ ಎಲ್ಲ ಪಾಸ್‌ವರ್ಡುಗಳನ್ನು ಬದಲಾಯಿಸಿ, ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ. ಪಾಸ್‌ವರ್ಡಿನ ಜೊತೆ ಮೊಬೈಲಿಗೆ ಬರುವ ಸಂಖ್ಯೆಯನ್ನೂ ಕೇಳುವ ಏರ್ಪಾಡಿಗೆ ಹಾಗೆನ್ನುತ್ತಾರೆ.

ಹಂತ 8: ಮರಳಿ ತರುವುದು

ಹಾಳಾದ ಡಿಸ್ಕನ್ನು ಯಂತ್ರದಿಂದ ತೆಗೆದು, ಹೊಸ ಡಿಸ್ಕು ಹಾಕಿಸಿ, ಅದರಲ್ಲಿ ವಿಂಡೋಸನ್ನು ಹೊಸದಾಗಿ ಹಾಕಿಸಿ. ಮೊದಲು ಎಲ್ಲ ಅಪ್‌ಡೇಟುಗಳು, ಆಮೇಲೆ ಮೂಲ ತಾಣದಿಂದ ತಂದ ತಂತ್ರಾಂಶಗಳು, ಆಮೇಲೆ ಐದನೆಯ ಹಂತದ ರಕ್ಷಣೆಗಳು, ಇವೆಲ್ಲ ಮುಗಿದ ನಂತರವೇ ಬ್ಯಾಕಪ್ ಡಿಸ್ಕು. ಬ್ಯಾಕಪ್ಪನ್ನು ಆಂಟಿವೈರಸಿನಿಂದ ಸ್ಕ್ಯಾನ್ ಮಾಡಿ, ದಾಖಲೆ, ಚಿತ್ರ, ಫಾಂಟುಗಳನ್ನು ಮಾತ್ರ ಮರಳಿ ತನ್ನಿ. ಹಳೆಯ ಇನ್‌ಸ್ಟಾಲರುಗಳನ್ನು ತರಬೇಡಿ, ಸೋಂಕು ಬಂದದ್ದು ಅವುಗಳಿಂದಲೇ ಇರಬಹುದು.

ತೆಗೆದ ಡಿಸ್ಕಿನಲ್ಲಿ ಬೇರೆಲ್ಲಿಯೂ ಪ್ರತಿಯಿಲ್ಲದ ಕಡತಗಳಿದ್ದರೆ ಅದನ್ನು ಅಳಿಸಬೇಡಿ, ಮಾರಬೇಡಿ. 2016ರ ಮೇ ತಿಂಗಳಲ್ಲಿ ಟೆಸ್ಲಾಕ್ರಿಪ್ಟ್ ನಡೆಸುತ್ತಿದ್ದವರು ಕೆಲಸ ನಿಲ್ಲಿಸಿ ತಮ್ಮ ಮುಖ್ಯ ಕೀಲಿಯನ್ನು ತಾವೇ ಬಹಿರಂಗಪಡಿಸಿದರು. 2020ರ ಏಪ್ರಿಲ್‌ನಲ್ಲಿ ಶೇಡ್ ಎಂಬುದರ ಹಿಂದಿದ್ದವರು ಸುಮಾರು ಏಳೂವರೆ ಲಕ್ಷ ಕೀಲಿಗಳನ್ನು ಬಿಟ್ಟುಕೊಟ್ಟರು. ಕೆಲವು ಕೀಲಿಗಳು ಪೊಲೀಸರ ಕಾರ್ಯಾಚರಣೆಯಿಂದಲೂ ಸಿಕ್ಕಿವೆ. ಡಿಸ್ಕಿನ ಮೇಲೆ ದಾಳಿಯ ದಿನಾಂಕ, ರ್ಯಾನ್ಸಮ್‌ವೇರಿನ ಹೆಸರು, ಕಡತಗಳ ಕೊನೆಗೆ ಸೇರಿಕೊಂಡಿದ್ದ ಅಕ್ಷರಗಳು, ಇಷ್ಟನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಒಣಗಿದ ಜಾಗದಲ್ಲಿಟ್ಟು, ಮೂರು ನಾಲ್ಕು ತಿಂಗಳಿಗೊಮ್ಮೆ 'ನೋ ಮೋರ್ ರ್ಯಾನ್ಸಮ್' ತಾಣದಲ್ಲಿ ಹೊಸ ಬಿಡಿಸುವ ತಂತ್ರಾಂಶ ಬಂದಿದೆಯೇ ಎಂದು ನೋಡುತ್ತಿರಿ.